ಕುಸುಮಕ್ಕನ ಕಾಡುಹಂದಿ

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಯಾರೋ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಾರೆ. ದೀಪ ಹಚ್ಚಿ ಆಗಿದೆ, ಪಕ್ಕದ ಕಬನೂರಿನ ಮಗ್ಗಗಳ ಖಟಖಟ ನಡೆದೇ ಇದೆ, ಆ ಘಮ ಕಿಟಕಿಯಿಂದ ಸೀದಾ ಒಳಗೆ ಬಂತು. ಬೇರೆಯವರಾಗಿದ್ದರೆ ಬಾಯಲ್ಲಿ ನೀರೂರುತ್ತಿತ್ತು. ನಾನು ಮಾತ್ರ ಥಟ್ಟನೆ ಬೆನ್ನ ಹಿಂದೆ ತಿರುಗಿ ನೋಡಿದೆ, ಕಾಡುಹಂದಿ ಬಂತೇನೋ ಎಂದು. ನೀವು ನಗಬೇಡಿ. ನನ್ನ ಹೆಂಡತಿ ಆಗಲೇ ನಕ್ಕಾಗಿದೆ. "ಬಂತೇನ್ರೀ ನಿಮ್ಮ ಹಂದಿ?" ಎಂದು ಅಡುಗೆಮನೆಯಿಂದಲೇ ಕೇಳಿದಳು. ನಮ್ಮ ಇಚಲಕರಂಜಿಯಲ್ಲಿ ನಾಯಿ, ಬೆಕ್ಕು, ಎಮ್ಮೆ ಎಲ್ಲ ಇವೆ. ಕಾಡುಹಂದಿ ಎಲ್ಲಿಂದ ಬರಬೇಕು? ಈ ಹಂದಿಯನ್ನು ನನ್ನ ತಲೆಯೊಳಗೆ ಬಿಟ್ಟವರು ಗಡಹಿಂಗ್ಲಜದ ಕುಸುಮಕ್ಕ.

ಮೊದಲಿಂದ ಹೇಳುತ್ತೇನೆ. ನಾನು ಮಗ್ಗದ ಬಿಡಿಭಾಗ ಮಾರುವ ಅಂಗಡಿಯವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ಆಟ ಆಡುತ್ತೇನೆ. ದಾರಿ ತಪ್ಪಿದ ಹುಡುಗನೊಬ್ಬನನ್ನು ಕಾಡು ದಾಟಿಸಿ ಊರು ಮುಟ್ಟಿಸಬೇಕು, ಅಷ್ಟೇ ಆಟ. ಅಷ್ಟೇ ಎಂದೆನಲ್ಲ, ಹಳ್ಳ, ಹಾವು, ಮಳೆ, ಹಸಿವು ಎಲ್ಲವೂ ಅದರಲ್ಲಿವೆ. ಹುಡುಗನಿಗೆ ಆಗಾಗ ಏನಾದರೂ ತಿನ್ನಿಸದಿದ್ದರೆ ಕುಸಿದು ಬೀಳುತ್ತಾನೆ. ಈ ಆಟಕ್ಕೊಂದು ವಿಕಿ ಇದೆ. ಆಡುವವರೇ ಕೂಡಿ ಅಂತರ್ಜಾಲದಲ್ಲಿ ಬರೆಯುತ್ತಿರುವ ಕೈಪಿಡಿ ಎನ್ನಿ. ಯಾರು ಬೇಕಾದರೂ ಪುಟ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅದರ ಕನ್ನಡ ಭಾಗವನ್ನು ನೋಡಿಕೊಳ್ಳುವವರು ಆಗ ಇಬ್ಬರೇ, ನಾನು ಮತ್ತು ಕೊಲ್ಲಾಪುರದ ದಿಲೀಪ. ದಿಲೀಪನದು ಫೌಂಡ್ರಿಯಲ್ಲಿ ಎರಕದ ಮಾಲು ತಪಾಸಣೆ ಮಾಡುವ ಕೆಲಸ. ದಿನವಿಡೀ ಬಿರುಕು ಹುಡುಕುತ್ತಾನೆ, ಸಂಜೆ ವಿಕಿಗೆ ಬಂದು ಅಲ್ಲೂ ಬಿರುಕೇ ಹುಡುಕುತ್ತಾನೆ. ಹೊಸಬರನ್ನು ಬರಮಾಡಿಕೊಳ್ಳುವುದು ನನ್ನ ಪಾಲು. ಹೊಸಬರೇನು ಸಾಲುಗಟ್ಟಿ ನಿಂತಿದ್ದರು ಎಂದುಕೊಳ್ಳಬೇಡಿ. ಮಹಾರಾಷ್ಟ್ರದಲ್ಲಿ ಕೂತು ಆಟದ ವಿಕಿಗೆ ಕನ್ನಡದಲ್ಲಿ ಬರೆಯುವವರು ಎಷ್ಟು ಮಂದಿ ಸಿಕ್ಕಾರು? ಒಬ್ಬರು ಬಂದರೂ ನನಗೆ ಹಬ್ಬವೇ.

ಹೀಗಿರುವಾಗ ಒಂದು ಮಧ್ಯಾಹ್ನ ಕಾಡುಹಂದಿಯ ಪುಟ ತೆರೆದರೆ ನೆತ್ತಿಯ ಮೇಲೆ ಹೊಸ ಬರಹ. "ಎಲ್ಲಾರಿಗೂ ನಮಸ್ಕಾರ್ರೀ. ನಾ ಕುಸುಮಾ, ಗಡಹಿಂಗ್ಲಜದಾಕಿ. ಮೊಣಕಾಲಿನ ಆಪರೇಷನ್ ಆಗಿ ಕುಂತೇನಿ. ಈ ಹಂದೀನ ಕೊಲ್ಲೂದು ಬ್ಯಾಡ್ರಿ." ಅದರ ಕೆಳಗೆ ದಿಲೀಪ ಹಿಂದೆಯೇ ಬರೆದಿಟ್ಟ ವಾಕ್ಯ ಹಾಗೇ ಇತ್ತು: ಈ ಹಂದಿಯನ್ನು ಕೊಲ್ಲದೆ ಕಣಿವೆ ದಾಟಲು ಸಾಧ್ಯವಿಲ್ಲ.

ವಿಕಿಯ ಪುಟದಲ್ಲಿ ನಮಸ್ಕಾರ ಹೇಳುವ ರೂಢಿ ಇಲ್ಲ. ಹಾಗೆಂದು ಒಬ್ಬರ ನಮಸ್ಕಾರವನ್ನು ಅಳಿಸಲು ಮನಸ್ಸು ಬರುತ್ತದೆಯೇ ಹೇಳಿ? ಬರೆಯುವ ಪ್ರತಿಯೊಬ್ಬರಿಗೂ ಹರಟೆಗೆಂದು ಬೇರೆ ಪುಟವೊಂದಿರುತ್ತದೆ. ಆ ನಮಸ್ಕಾರವನ್ನು ಎತ್ತಿ ಅವರ ಹರಟೆಯ ಪುಟದಲ್ಲಿಟ್ಟು ಕೆಳಗೆ ಬರೆದೆ: "ಬರ್ರಿ ಅಕ್ಕಾರ, ನೀವು ಬಂದದ್ದು ಭಾಳ ಛಲೋ ಆತು. ಇದು ನಿಮ್ಮ ಪಡಸಾಲಿ ಅಂತ ತಿಳೀರಿ. ಮಾತು ಕತಿ ಇಲ್ಲಿ, ಆಟದ ಸುದ್ದಿ ಅಲ್ಲಿ." ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಪಡಸಾಲಿ ಭಾಳ ಸ್ವಚ್ಛ ಐತ್ರಿ. ಚಾ ಎಲ್ಲಿ?"

ಅಲ್ಲಿಂದ ನಮ್ಮ ಪಾಠ ಶುರುವಾಯಿತು. ಅವರ ತವರು ಸಂಕೇಶ್ವರದ ಕಡೆ, ಅದಕ್ಕೇ ಅಷ್ಟು ಅಚ್ಚುಕಟ್ಟಾದ ಕನ್ನಡ ಅಕ್ಷರ. ಗಂಡನ ಮನೆಯವರದು ಗಡಹಿಂಗ್ಲಜದಲ್ಲಿ ಬಟ್ಟೆ ವ್ಯಾಪಾರ, ಜೈನ ಮನೆತನ. ತಲೆಬರಹ ಹೇಗೆ ಕೊಡಬೇಕು, ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹೇಗೆ ಹಾಕಬೇಕು ಎಂದು ನಾನು ಹೇಳಿಕೊಡುವುದು, ಅವರು ಒಪ್ಪದಿದ್ದರೆ ಜಗಳಕ್ಕೆ ನಿಲ್ಲುವುದು. ಪ್ರತಿ ಪುಟದಲ್ಲೂ 'ಹುಡುಗನಿಗೆ ಉಣ್ಣಿಸಿ' ಎಂದು ಬರೆಯುತ್ತಿದ್ದರು. "ಅಕ್ಕಾರ, ವಿಕಿಯೊಳಗ 'ಆಟಗಾರ' ಅಂತ ಬರೀತೀವಿ" ಎಂದೆ. "ಆಟಗಾರ ನಾನು. ಉಣ್ಣಾಂವ ಅಂವ. ನಾ ಉಂಡ್ರ ಅವನ ಹೊಟ್ಟಿ ತುಂಬತೈತೇನು, ತಮ್ಮಾ?" ಎಂದರು. ಇಂದಿಗೂ ನಮ್ಮ ವಿಕಿಯಲ್ಲಿ ಉಣ್ಣುವುದು ಹುಡುಗನೇ.

ಅವರು ಹುಡುಗನನ್ನು ಸಾಕುವ ಕ್ರಮವೇ ಬೇರೆ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಡ್ಡೆಗೆಣಸು ಮುಟ್ಟದವರೂ ಇದ್ದಾರೆ. ಕುಸುಮಕ್ಕ ಆಟದೊಳಗಿನ ಹುಡುಗನಿಗೂ ಅದೇ ನೇಮ ಹಚ್ಚಿದ್ದರು. ಬೇಟೆ ಇಲ್ಲ, ಗಡ್ಡೆ ಅಗೆಯುವುದಿಲ್ಲ, ಕತ್ತಲಾದ ಮೇಲೆ ಒಂದು ಹಣ್ಣೂ ಇಲ್ಲ. ನನ್ನ ಹುಡುಗ ಮೊಲ ಸುಟ್ಟು ತಿಂದು ಪೈಲ್ವಾನನ ಹಾಗಿದ್ದ. ಅವರ ಹುಡುಗ ಒಣಗಿದ ಕಬ್ಬಿನ ಗಳದಂತೆ ಇದ್ದರೂ ಪಾಪ, ನಡೆಯುತ್ತಲೇ ಇದ್ದ.

ಬರೆಯುವ ರೀತಿ ಕೈಗೆ ಹತ್ತಿದ ಮೇಲೆ ಅವರು ಮತ್ತೆ ಹಂದಿಗೆ ಬಂದರು. ಈ ಸಲ ಹೊಸ ಪುಟವನ್ನೇ ಬರೆದರು: ಹೊತ್ತು ಮುಳುಗುವ ಮೊದಲು ಹುಡುಗನಿಗೆ ಹಣ್ಣು ಉಣ್ಣಿಸಿ. ಆಮೇಲೆ ಏನನ್ನೂ ಕೊಡಬಾರದು. ಹಂದಿ ಬರುತ್ತದೆ, ನೋಡುತ್ತದೆ, ಹೋಗುತ್ತದೆ.

ದಿಲೀಪ ಸಂಜೆಗೇ ಹಾಜರಾದ. "ಪುರಾವಾ ಕುಠೇ ಆಹೇ? ಪುರಾವೆ ಎಲ್ಲೈತ್ರಿ, ಅಕ್ಕಾರ? ಇದು ಧರ್ಮದ ಮಾತಾತು. ವಿಕಿಯೊಳಗ ನಂಬಿದ್ದು ಬರಿಯೂದಲ್ರಿ, ನೋಡಿದ್ದು ಬರಿಯೂದು."

"ನೋಡೇ ಬರದೇನಿ" ಎಂದರು ಕುಸುಮಕ್ಕ.

ಪುರಾವೆ ಎಂದು ನಾನೇ ಆಡಿ ನೋಡಿದೆ. ಹೊತ್ತಿಗೆ ಮುಂಚೆ ಹಣ್ಣು ತಿನ್ನಿಸಿದೆ. ರಾತ್ರಿಯಾಯಿತು, ಹುಡುಗನ ಹಸಿವಿನ ಗುರುತು ಕೆಂಪಗಾಯಿತು. ನನ್ನ ಕೈ ಸುಮ್ಮನಿರಬೇಕಲ್ಲ! ಬೆಂಕಿ ಮಾಡಿ ಒಂದು ಗಡ್ಡೆ ಸುಟ್ಟುಕೊಟ್ಟೆ. ಹಂದಿ ಬಂದದ್ದೇ ಹುಡುಗನನ್ನು ಎತ್ತಿ ಒಗೆಯಿತು. ನಡೆದದ್ದನ್ನು ನಡೆದ ಹಾಗೆ ಬರೆದೆ. "ತಮ್ಮಾ, ನೇಮ ಮುರದಿ" ಎಂದು ಅವರು, "ನೇಮಕ್ಕೂ ಹಂದೀಗೂ ಏನ ಸಂಬಂಧ?" ಎಂದು ದಿಲೀಪ. ಪುರಾವೆ ಇಲ್ಲದ ಪುಟವನ್ನು ತೆಗೆಯಬೇಕೆಂಬುದು ನಾವಿಬ್ಬರೂ ಕೂತು ಮಾಡಿದ ಕಟ್ಟಳೆ. ಅದನ್ನು ತಿಳಿಸಿದಾಗ ಕುಸುಮಕ್ಕ ಸಿಟ್ಟಾಗಲಿಲ್ಲ. ಹೀಗೆ ಬರೆದರು: "ಪುಟ ತಗೀರಿ, ಅಡ್ಡಿ ಇಲ್ಲ. ಆದರ ಸುಳ್ಳ ಅಂತ ತಗೀಬ್ಯಾಡ್ರಿ. ಸುಳ್ಳಬುರಕಿ ಅನಿಸಿಕೊಂಡ ನಾ ಈ ಪಡಸಾಲ್ಯಾಗ ಕುಂದ್ರಾಂಗಿಲ್ಲ."

ಅವರು ಹೋದರೆ ಹೋದರು ಎನ್ನುವ ಹಾಗಿರಲಿಲ್ಲ. ಅಷ್ಟರಲ್ಲಿ ಅವರ ಮಾತಿಲ್ಲದೆ ನನಗೆ ಅಂಗಡಿಯ ಮಧ್ಯಾಹ್ನ ಸರಿಯುತ್ತಿರಲಿಲ್ಲ. ದಿಲೀಪನಿಗೆ ಫೋನು ಹಚ್ಚಿ, "ನೋಡಿದ್ದು ಬರಿಯೂದು ಅಂತೀಯಲ್ಲೋ ಮಾರಾಯಾ, ಹೋಗಿ ನೋಡೂಣು ಬಾ" ಎಂದೆ. ವಾದಿಸುತ್ತಾನೆ ಎಂದುಕೊಂಡಿದ್ದೆ. "ಬರೋಬರ್. ನೋಡಲೇಬೇಕು" ಎಂದ. ಅವನ ಈ ಗುಣ ನನಗೆ ಬಹಳ ಸೇರುತ್ತದೆ.

ರಜೆಯ ದಿನ ಅವನು ಕಾಗಲ ದಾಟಿ ಮೋಟಾರ್ ಸೈಕಲ್ಲಿನಲ್ಲಿ ಬಂದ, ನಾನು ಎಸ್.ಟಿ. ಬಸ್ಸಿನಲ್ಲಿ ನಿಪ್ಪಾಣಿ, ಸಂಕೇಶ್ವರ ಸುತ್ತಿ ಗಡಹಿಂಗ್ಲಜಕ್ಕೆ ಹೋದೆ. ಕುಸುಮಕ್ಕ ಬಾಗಿಲಲ್ಲೇ ಕೋಲು ಊರಿ ನಿಂತಿದ್ದರು. ಬರಹದಲ್ಲಿ ಅಷ್ಟು ಗಟ್ಟಿ ಧ್ವನಿ, ಎದುರಿಗೆ ನೋಡಿದರೆ ಗಿಡ್ಡ ಆಳು, ಮೂಗಿನ ತುದಿಗೆ ಕನ್ನಡಕ. "ನನ್ನ ಕೋರ್ಟಿಗೆ ಎಳಿಯಾಕ ಬಂದಾಂವ ಯಾರು? ನೀನೇನು?" ಎಂದು ದಿಲೀಪನನ್ನೇ ಮೊದಲು ಕೇಳಿದರು. ಪಾಪ, ಅವನು ಬಾಗಿ ಕಾಲು ಮುಟ್ಟಿಬಿಟ್ಟ.

ಬೆಲ್ಲ ನೀರು ಆಯಿತು, ಚಹಾ ಆಯಿತು. ಕುಸುಮಕ್ಕ ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು ಆಡತೊಡಗಿದರು. ಕಣಿವೆಯಲ್ಲಿ ಬಿಸಿಲು ಇಳಿಯಿತು. ಹುಡುಗನಿಗೆ ಹಣ್ಣು ಕೊಟ್ಟರು, ನೀರು ಕುಡಿಸಿದರು, ಬಂಡೆಯ ಮೇಲೆ ಮಲಗಿಸಿ ಎರಡೂ ಕೈ ಎತ್ತಿ ಮಡಿಲಿಗಿಟ್ಟುಕೊಂಡರು. ಕತ್ತಲಾಯಿತು. ಹಸಿವಿನ ಗುರುತು ಕೆಂಪಗಾಯಿತು. ನನ್ನ ಬೆರಳು ತುರಿಸುತ್ತಿತ್ತು, ಅವರದು ಅಲುಗಲಿಲ್ಲ. ಪೊದೆ ಸರಿಸಿ ಹಂದಿ ಬಂತು. ಮೂಗು ಎತ್ತಿತು, ನಿಂತಿತು, ತಿರುಗಿ ಹೋಯಿತು. ಬೆಳಗಾಯಿತು. ಹುಡುಗ ಎದ್ದು ಕುಳಿತ, ಕಣಿವೆ ದಾಟಿ ನಡೆದ.

"ಇನ್ನೊಮ್ಮೆ" ಎಂದ ದಿಲೀಪ. ಇನ್ನೊಮ್ಮೆಯೂ ಅದೇ ಆಯಿತು.

ಆಮೇಲೆ ಅವನು ಟ್ಯಾಬ್ ಇಸಿದುಕೊಂಡ. ಎಲ್ಲವನ್ನೂ ಅವರಂತೆಯೇ ಮಾಡಿ, ರಾತ್ರಿ ಬೆಂಕಿ ಹಚ್ಚಿ ಒಂದು ಗಡ್ಡೆಯನ್ನಷ್ಟೇ ಸುಟ್ಟ. ಹುಡುಗನ ಬಾಯಿಗೂ ಕೊಡಲಿಲ್ಲ. ಹಂದಿ ನೆಟ್ಟಗೆ ನುಗ್ಗಿ ಬಂತು. ದಿಲೀಪ ತೊಡೆ ತಟ್ಟಿಕೊಂಡ. "ವಾಸನಿ! ವಾಸನಿ ಹಿಡದ ಬರತೈತ್ರೀ ಇದು! ನಾವೆಲ್ಲಾ ರಾತ್ರಿ ಅಡಗಿ ಮಾಡಿ ನಾವ ಕರಿಯಾಕತ್ತೇವಿ!" ಸುಳ್ಳಲ್ಲ. ಕತ್ತಲಾದರೆ ಒಲೆ ಹಚ್ಚುವ ನಮಗೆ ಅಡುಗೆ ಇಲ್ಲದ ರಾತ್ರಿ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಅದನ್ನು ನೋಡಿದವರು ಅವರೊಬ್ಬರೇ.

ಕುಸುಮಕ್ಕ ಮೊಣಕಾಲು ಹಿಡಿದುಕೊಂಡು ನಕ್ಕರು. "ಅಯ್ಯ ನನ್ನಪ್ಪಾ, ನನಗೇನ ಗೊತ್ತು ವಾಸನಿ ಪಾಸನಿ! ರಾತ್ರಿ ಉಣಿಸಬಾರದಂತ ಉಣಿಸಲಿಲ್ಲ, ಅಷ್ಟ."

"ನಿಮ್ಮ ಪುಟ ಖರೇ ಐತ್ರಿ ಅಕ್ಕಾರ. ಹಾಂಗ ಇರಲಿ" ಎಂದ ದಿಲೀಪ.

ಗೆದ್ದವರು ಏನು ಮಾಡುತ್ತಾರೆ? ನಾನಾಗಿದ್ದರೆ ಊರೆಲ್ಲ ಡಂಗುರ ಹೊಡೆಸುತ್ತಿದ್ದೆ. ಕುಸುಮಕ್ಕ ಟ್ಯಾಬ್ ತೆಗೆದುಕೊಂಡು ತಮ್ಮದೇ ಪುಟದ 'ಕೊಡಬಾರದು' ಎಂಬ ಸಾಲನ್ನು ಅಳಿಸಿದರು. ಅಲ್ಲಿ ಬರೆದರು: ರಾತ್ರಿ ಅಡುಗೆ ಮಾಡಿದರೆ ವಾಸನೆಗೆ ಹಂದಿ ಬರುತ್ತದೆ. "ನನ್ನ ನೇಮ ನನ್ನ ಮನ್ಯಾಗ ಇರಲಿ, ತಮ್ಮಾ. ಹಂದಿ ಯಾಕ ಬರತೈತಿ ಅನ್ನೂದು ನೀ ಕಂಡಿ. ಪುಟದಾಗ ಅದ ಇರಬೇಕು." ಕೊಲ್ಲದೆ ದಾಟಲಾಗದು ಎಂಬ ದಿಲೀಪನ ಹಳೆಯ ವಾಕ್ಯಕ್ಕೆ ಮಾತ್ರ ಕೈ ಹಚ್ಚಲಿಲ್ಲ. "ಅದು ನಿಂದು. ನೀನ ತಗಿ" ಎಂದು ಟ್ಯಾಬನ್ನು ಅವನ ಕಡೆ ಸರಿಸಿದರು. ಹೊಸಬರಿಗೆ ಕಲಿಸುವವನು ನಾನು ಎಂದು ಬೀಗುತ್ತಿದ್ದೆನಲ್ಲ, ಆ ಹೊತ್ತು ಅವರ ಮೇಲೆ ಎಂಥ ಅಭಿಮಾನ ಉಕ್ಕಿತೆಂದರೆ ಕಣ್ಣು ಮಂಜಾಯಿತು. ಟ್ಯಾಬ್ ನೋಡಿ ನೋಡಿ ಕಣ್ಣು ದಣಿದಿವೆ ಎಂದುಕೊಂಡರು ಅವರು.

ಹೊರಗೆ ಬಿಸಿಲು ಬಾಗುತ್ತಿತ್ತು. ಒಳಗಿಂದ ಭಾಕರಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಬಂದವು. "ಉಂಡ ಹೋಗ್ರಿ. ಹೊತ್ತ ಮುಳಗೂದರಾಗ ಮುಗಸ್ರಿ." ದಿಲೀಪ ಗಂಭೀರವಾಗಿ ಕೇಳಿದ, "ತಡಾ ಆದ್ರ ಹಂದಿ ಬರತೈತೇನ್ರಿ, ಅಕ್ಕಾರ?" "ನಾನ ಬರತೇನಿ, ಕೋಲ ತಗೊಂಡು" ಎಂದರು.

ಅದಾಗಿ ವರ್ಷಗಳು ಕಳೆದವು. ಈಗ ಹೊಸಬರನ್ನು ಬರಮಾಡಿಕೊಳ್ಳುವ ಕೆಲಸ ನನ್ನದಲ್ಲ, ಅವರು ಕಸಿದುಕೊಂಡಿದ್ದಾರೆ. ಇವತ್ತು ಈ ಒಗ್ಗರಣೆಯ ಘಮಕ್ಕೆ ಅವರ ನೆನಪಾಗಿ ವಿಕಿ ತೆರೆದೆ. ಚಂದಗಡದ ಹೆಣ್ಣುಮಗಳೊಬ್ಬಳು ಹೊಸದಾಗಿ ಬಂದಿದ್ದಾಳೆ. ಆಟದ ಹಳ್ಳದಲ್ಲಿ ಕಪ್ಪೆಗಳು ಒಮ್ಮೆಲೇ ಸುಮ್ಮನಾದರೆ ಮಳೆ ಬರುತ್ತದೆ ಎಂದು ಬರೆದಿದ್ದಾಳೆ. ಇಷ್ಟು ವರ್ಷ ಆಡಿದ ನಾನು ಆ ಕಪ್ಪೆಗಳ ಕಡೆ ಕಿವಿಗೊಟ್ಟಿಲ್ಲ. ಕೆಳಗೆ ದಿಲೀಪ ಆಗಲೇ "ಪುರಾವಾ?" ಎಂದು ಕೇಳಿದ್ದಾನೆ. ಅದರ ಕೆಳಗೆ ಕುಸುಮಕ್ಕ: "ಬಾರ ತಂಗೀ, ಕುಂದ್ರು. ದಿಲೀಪಗ ಅಂಜಬ್ಯಾಡ. ಅಂವ ಕೇಳ್ಯಾನಂದ್ರ ಆಡಿ ನೋಡತಾನ. ನೀ ಕೇಳಿದ್ದು ನಾವೂ ಕೇಳತೀವಿ."

ಹಾಗಾಗಿ ನನ್ನ ಹುಡುಗನನ್ನು ಹಳ್ಳದ ದಂಡೆಯಲ್ಲಿ ಕೂರಿಸಿಕೊಂಡು ಕೂತಿದ್ದೇನೆ. ಆಟದಲ್ಲಿ ಒಲೆ ಹಚ್ಚಿಲ್ಲ. "ಊಟಕ್ಕ ಬರ್ರಿ, ಆರಾಕತ್ತೈತಿ" ಎಂದು ಹೆಂಡತಿ ಮತ್ತೆ ಕೂಗಿದಳು.

"ತಡಿಯ" ಎಂದೆ, "ಕಪ್ಪಿ ಇನ್ನೂ ವದರಾಕತ್ತಾವ." ಅವು ಸುಮ್ಮನಾಗುವ ತನಕ ನಾನು ಏಳುವವನಲ್ಲ. ಚಂದಗಡದ ಆ ಹೆಣ್ಣುಮಗಳು ಸುಳ್ಳಬುರಕಿ ಅನಿಸಿಕೊಂಡು ನಮ್ಮ ಪಡಸಾಲೆಯಿಂದ ಎದ್ದು ಹೋಗಬಾರದು.