ತಡುಪ್ಪೂಸಿ ಮತ್ತು ನನ್ನ ಮೂಗಿನ ತುದಿಯ ಕೋಪ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ನರ್ಸ್ ಕೆಲಸಕ್ಕೆ ಸೇರಿದ ಮೇಲೆ ಅದು ಇಳಿಯಬಹುದು ಅಂತ ಅವಳ ಆಸೆ. ಎಲ್ಲಿಯ ಇಳಿಯುವುದು! ಮೇಲೊಂದು ಬಿಳಿ ಸೀರೆಯೂ ಸೇರಿ ಇನ್ನಷ್ಟು ಏರಿತು. ಆ ಕೋಪ ನನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ಒಳ್ಳೆಯ ಕೆಲಸಕ್ಕೆ ಬಂತು. ಅದನ್ನು ಹೇಳಿಬಿಡುತ್ತೇನೆ.

ನನ್ನ ತವರು ದೊಡ್ಡಗಾಜನೂರು, ಗಂಡನ ಮನೆ ಪಣಕಹಳ್ಳಿ. ಎರಡು ಕಡೆಯೂ ರಾಗಿ ಬೆಳೆಯುವ ಒಕ್ಕಲು ಮನೆಗಳೇ. ಊರುಗಳು ತಮಿಳು ಸೀಮೆಗೆ ಸೇರಿದ ಬೆಟ್ಟದ ಮೇಲಿದ್ದದ್ದರಿಂದ ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತಮಿಳು. ನರ್ಸ್ ತರಬೇತಿಯನ್ನು ಬೆಟ್ಟದ ಕೆಳಗೆ ತಮಿಳಿನಲ್ಲಿ ಮುಗಿಸಿದ್ದರಿಂದ ರೋಗ, ಔಷಧಿ, ಸೂಜಿ ಎಲ್ಲವೂ ನನ್ನ ಬಾಯಲ್ಲಿ ತಮಿಳಾಗಿಯೇ ಬರುತ್ತಿದ್ದವು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕೆಲವು ಒಕ್ಕಲು ಹಳ್ಳಿಗಳೂ, ದಿಂಬಂನಲ್ಲಿ ಬಸ್ಸಿಳಿದು ಕಾಡಿನೊಳಗೆ ನಡೆದು ಸೇರಬೇಕಾದ ಒಂದು ಸೋಲಿಗರ ಪೋಡೂ ನನ್ನ ಪಾಲಿಗೆ ಬಂದವು. ಪೋಡು ಅಂದರೆ ಅವರ ಗುಡಿಸಲುಗಳ ಪುಟ್ಟ ಊರು.

ಒಕ್ಕಲು ಹಳ್ಳಿಗಳಲ್ಲಿ ಬಸುರಿಯರು ನನ್ನನ್ನು ತಡೆದು ನಿಲ್ಲಿಸಿ ಸೂಜಿ ಹಾಕಿಸಿಕೊಳ್ಳುತ್ತಿದ್ದರು. ಜಗಲಿಯ ಮೇಲೆ ಕಾಫಿ ಕೊಟ್ಟು, "ಯಾಕವ್ವ ಕಾಡ್ಗೋಯ್ತೀಯ, ಕಾಡ್ನೋರ ಕೂಸ್ಗಳು ಬಲು ಗಟ್ಟಿ, ಅವ್ಕೇನಾಯ್ತದೆ?" ಎಂದು ಉಪದೇಶ ಬೇರೆ. ಗಟ್ಟಿಯಂತೆ ಗಟ್ಟಿ! ಪೋಡಿನ ಹೆಂಗಸರನ್ನು ಎಷ್ಟು ಹೆತ್ತೆ ಎಂದು ಕೇಳಿದರೆ ಒಂದು ಉತ್ತರ, ಎಷ್ಟಿವೆ ಎಂದು ಕೇಳಿದರೆ ಇನ್ನೊಂದು. ಕೆಲವು ಗುಡಿಸಲುಗಳಲ್ಲಿ ಉತ್ತರ ಹೇಳಬೇಕಾದ ತಾಯಿಯೇ ಇರುತ್ತಿರಲಿಲ್ಲ. ಅದೇ ಬೆಟ್ಟ, ಅದೇ ಮಳೆ, ಅದೇ ರಾಗಿ. ಆಫೀಸಿನಲ್ಲಿ ಇದನ್ನೆತ್ತಿದರೆ ಮೇಲಿನವರೊಬ್ಬರು, "ಅವಂಗ ಅಪ್ಪಡಿದಾಮ್ಮಾ" ಎಂದರು. ಅವರು ಹಾಗೇ ಕಣಮ್ಮ ಅಂತ. "ಹಾಗೇ ಅಂದರೆ ಹೇಗೆ ಸಾರ್? ಅವರ ಹೊಟ್ಟೆಯನ್ನೇನು ಬಿದಿರಿನಲ್ಲಿ ಹೆಣೆದಿದ್ದಾರಾ?" ಎಂದು ಕೇಳಿ ಬಂದೆ. ಇವತ್ತಿಗೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ.

ಆ ಪೋಡಿನಲ್ಲಿ ನನಗಿಂತ ಚಿಕ್ಕವಳೊಬ್ಬಳು ಮೂರನೆಯ ಬಸುರಿ. ಮೊದಲಿನ ಎರಡೂ ಹುಟ್ಟಿದ ವಾರದೊಳಗೆ ಹಾಲು ಬಿಟ್ಟು, ಮೈ ಸೆಟೆದು ಹೋಗಿದ್ದವು. ಪೋಡಿನವರು ಅದನ್ನು ಗಾಳಿ ಎನ್ನುತ್ತಿದ್ದರು. ಅದು ಹೊಕ್ಕುಳ ಬಳ್ಳಿ ಕೊಯ್ದ ಜಾಗದಿಂದ ಏರುವ ನಂಜು. ತಾಯಿಗೆ ಬಸುರಿನಲ್ಲಿ ಎರಡು ಸಲ ಸೂಜಿ ಹಾಕಿ, ಬಳ್ಳಿ ಕೊಯ್ಯುವ ಬ್ಲೇಡನ್ನು ಕುದಿಸಿಕೊಂಡರೆ ಬಹುಮಟ್ಟಿಗೆ ಬರುವುದಿಲ್ಲ. ನಾನೂ ಆಗ ಬಸುರಿ, ಹೆಚ್ಚುಕಡಿಮೆ ಅವಳಷ್ಟೇ ತಿಂಗಳು. ನನ್ನ ಸೂಜಿಗಳನ್ನು ಆಸ್ಪತ್ರೆಯ ಮೇಜಿಗೊರಗಿ ಹರಟೆ ಹೊಡೆಯುತ್ತಾ ಹಾಕಿಸಿಕೊಂಡಿದ್ದೆ. ನನಗಷ್ಟು ಸಲೀಸಾಗಿ ಸಿಕ್ಕಿದ್ದು ಅವಳಿಗೆ ಸಿಗದಿದ್ದರೆ ಹೇಗೆ? ಈ ಕೂಸನ್ನು ಹೇಗಾದರೂ ಉಳಿಸಲೇಬೇಕು ಅಂತ ಹಟ ಹಿಡಿಯಿತು.

ಏದುಸಿರು ಬಿಡುತ್ತಾ ಹೋಗಿ ಪೋಡಿನ ಅಂಗಳದಲ್ಲಿ ಚೀಲ ಇಳಿಸಿದೆ. ಹೆಂಗಸರೆಲ್ಲ ಸುತ್ತ ಕೂತರು. ನಾನು ದೊಡ್ಡ ಗಂಟಲಿನಲ್ಲಿ, "ಬಸುರಿಯರಿಗೆ ತಡುಪ್ಪೂಸಿ ತಂದಿದೀನಿ" ಎಂದೆ. ತಮಿಳಿನಲ್ಲಿ ರೋಗ ಬಾರದಂತೆ ಹಾಕುವ ಸೂಜಿಗೆ ಅದೇ ಹೆಸರು. ಅಷ್ಟೇ ನೋಡಿ, ಒಬ್ಬೊಬ್ಬರೇ ಎದ್ದು ಹೋದರು. ಆ ಬಸುರಿಯಂತೂ ಸೆರಗು ಎಳೆದುಕೊಂಡು ಗುಡಿಸಲ ಹಿಂದಕ್ಕೇ ಹೋಗಿ ನಿಂತಳು.

ನನ್ನ ಪಿತ್ತ ನೆತ್ತಿಗೇರಿತು. "ಇಷ್ಟು ದೂರ ಈ ಹೊಟ್ಟೆ ಹೊತ್ಕೊಂಡು ಬಂದಿದೀನಿ, ನನಗೇನು ಬೇರೆ ಕೆಲಸ ಇಲ್ವಾ?" ಎಂದು ಕೂಗಾಡಿದೆ. ಎದ್ದು ಹೋಗದೆ ಉಳಿದಿದ್ದವಳು ಆ ಬಸುರಿಯ ಅತ್ತೆಯೊಬ್ಬಳೇ. ಪೋಡಿನ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದ ಮುದುಕಿ. ನನ್ನ ಕೂಗಾಟ ಮುಗಿಯುವವರೆಗೂ ಎಲೆ ಅಡಿಕೆ ಮೆಲ್ಲುತ್ತಿದ್ದು, ಆಮೇಲೆ ಕೇಳಿದಳು: "ತಡೆ ಸೂಜಿ ಅಂತೀಯಲ್ಲ, ಏನವ್ವ ತಡೀತದೆ ಅದು?"

ಆಗ ನನಗೆ ಹೊಳೆಯಿತು. ಹಿಂದೊಮ್ಮೆ ಜೀಪಿನಲ್ಲಿ ಬಂದವರು ಮೈಕಿನಲ್ಲಿ "ಕರುತ್ತಡೈ, ಕರುತ್ತಡೈ" ಎಂದು ಸಾರಿ ಮಕ್ಕಳಾಗದಂತೆ ಮಾಡುವ ಆಪರೇಶನ್ನಿಗೆ ಜನ ಹುಡುಕಿದ್ದರು. ಇವರಿಗೆ ಅದರಲ್ಲಿ ತಿಳಿದದ್ದು ತಡೆ ಎಂಬ ಒಂದೇ ಮಾತು, ಅದೂ ತಮ್ಮದೇ ಭಾಷೆಯ ಮಾತು. ಈಗ ನಾನು ಬಂದು ಅದೇ ತಡೆಯನ್ನು ಸೂಜಿಯಲ್ಲಿ ತುಂಬಿಕೊಂಡು ನಿಂತಿದ್ದೆ.

"ಎಲ್ಡು ಕಳ್ಕಂಡವ್ಳ್ಗೆ ತಡೆ ಯಾಕವ್ವ?" ಎಂದಳು ಮುದುಕಿ.

"ಅಯ್ಯೋ, ಇದು ಕೂಸನ್ನ ತಡೆಯೋದಲ್ಲ, ನಂಜನ್ನ ತಡೆಯೋದು! ನಾನೂ ಹಾಕಿಸ್ಕೊಂಡಿದೀನಿ, ನನ್ನ ಹೊಟ್ಟೆ ನೋಡಬಾರದಾ?"

"ಒಟ್ಟೇಲಿರೋದು ಸರಿ. ಇದೇ ಕಡೇದಾದ್ರೆ?"

"ಮೊದಲ ಬಸುರಿಗೂ ಹಾಕಿಸ್ಕೊಂಡಿದ್ದೆ. ಇದು ಎರಡನೇದು!"

"ಮೊದುಲ್ನೇದ ಕಂಡೋರ್ಯಾರು?" ಎಂದಳು. ಗುಡಿಸಲ ಹಿಂದಿನಿಂದ ಕಿಸಕ್ಕೆಂದು ನಕ್ಕದ್ದು ಕೇಳಿಸಿತು.

ಸಾಕ್ಷಿ ಬೇಕಂತೆ! ಸರಿ, ಮುಂದಿನ ವಾರ ಮೂರು ವರ್ಷದ ಮಗಳನ್ನು ಕರೆದುಕೊಂಡು ಹೊರಟೆ. ಗಂಡ, "ನಿನಗೆ ತಲೆ ಕೆಟ್ಟಿದೆ" ಎಂದರು. ಬಸ್ಸಿನಲ್ಲಿ ಅವಳು ವಾಂತಿ ಮಾಡಿದಳು, ಕಾಡು ದಾರಿಯಲ್ಲಿ ಎತ್ತಿಕೋ ಎಂದು ರಾಗ ಎಳೆದಳು. ಒಳಗೊಂದು, ಕಂಕುಳಲ್ಲೊಂದು ಹೊತ್ತು ಪೋಡು ಸೇರುವಷ್ಟರಲ್ಲಿ ನನಗೆ ಸಾಕೋ ಸಾಕಾಗಿತ್ತು.

ಹೆಂಗಸರು ಅವಳನ್ನು ನಡುವೆ ನಿಲ್ಲಿಸಿಕೊಂಡು ಸಂತೆಯಲ್ಲಿ ಕರು ನೋಡುವಂತೆ ನೋಡಿದರು. ನನ್ನ ಮಗಳೋ ಅಪ್ಪನ ಪಡಿಯಚ್ಚು. "ಮೂಗಿಲ್ಲ, ಕಣ್ಣಿಲ್ಲ, ಒಂದೂ ನಿನ್ನಂಗಿಲ್ವಲ್ಲ. ಯಾರ್ದೋ ಕೂಸ ಕರ್ಕಬಂದ್ಯಾ?" ಎಂದು ಕಾಡಿಸಿದರು. ಮುದುಕಿ ಮುತ್ತುಗದ ಎಲೆಯಲ್ಲಿ ಜೇನುತುಪ್ಪ ಹಾಕಿ ಮಗುವಿನ ಕೈಗೆ ಕೊಟ್ಟಳು. ಮತ್ತೆ ವಾಂತಿಯಾದೀತು ಎಂದು ನಾನು ಎಲೆ ಕಸಿದುಕೊಂಡೆ. ನಮ್ಮ ಮಹಾರಾಯಿತಿ ಎರಡೂ ಕೈ ಸೊಂಟದ ಮೇಲಿಟ್ಟು, ಮೂಗಿನ ಹೊಳ್ಳೆ ಅರಳಿಸಿ, ಕಾಲು ನೆಲಕ್ಕೆ ಬಡಿದು, "ಕೊಡ್ತೀಯೋ ಇಲ್ವೋ! ನನಗೇನು ಬೇರೆ ಕೆಲಸ ಇಲ್ವಾ?" ಎಂದು ಚೀರಿದಳು.

ಅಷ್ಟು ಸಾಕಾಯಿತು. ಪೋಡೆಲ್ಲ ನಕ್ಕಿತು ನೋಡಿ! ಮುದುಕಿಗೆ ಎಲೆ ಅಡಿಕೆ ನೆತ್ತಿಗೆ ಹತ್ತಿ ಕೆಮ್ಮು ಬಂತು. "ಇವ್ಳ್ ಒಟ್ಟೇದೇ ಕಣ್ರಮ್ಮಿ, ಬ್ಯಾರೆ ಸಾಕ್ಸಿ ಬ್ಯಾಡ ಬುಡಿ" ಎಂದು ತೀರ್ಪು ಕೊಟ್ಟಳು. ಆ ಬಸುರಿ ಹೊಟ್ಟೆ ಹಿಡಿದು ನಗುತ್ತಲೇ ಬಂದು ನನ್ನ ಮುಂದೆ ಕೂತು ತೋಳು ಚಾಚಿದಳು. ಸಿಟ್ಟು, ಸಂತೋಷ, ನಾಚಿಕೆ ಎಲ್ಲ ಒಟ್ಟಿಗೇ ಬಂದರೂ ಸೂಜಿ ಹಾಕಿಯೇಬಿಟ್ಟೆ. ಅವತ್ತಿನಿಂದ ತಡುಪ್ಪೂಸಿ ಎಂಬ ಮಾತನ್ನು ಬಿಟ್ಟು ನಂಜಿನ ಸೂಜಿ ಎಂದೇ ಹೇಳತೊಡಗಿದೆ.

ಮುಂದಿನ ತಿಂಗಳು ಎರಡನೆಯ ಸೂಜಿಯೂ ಆಯಿತು. ಮುದುಕಿಯ ಕೈಗೆ ಹೊಸ ಬ್ಲೇಡು, ದಾರ ಕೊಟ್ಟು ಚೆನ್ನಾಗಿ ಕುದಿಸಬೇಕು ಎಂದೆ. "ಉಪ್ಪು ಆಕ್ಬೇಕಾ?" ಎಂದು ಕೇಳಿ ನನ್ನ ಮುಖ ನೋಡಿದಳು, ಕಿಲಾಡಿ. ಆಮೇಲೆ ನಾನು ರಜೆ ಹಾಕಿ ಹೆರಿಗೆಗೆ ತವರಿಗೆ ಬಂದೆ.

ಮುದುಕಿಯ ಸೊಸೆಗೆ ಹೆಣ್ಣು ಹುಟ್ಟಿತು ಎಂದು ದಿಂಬಂನ ಟೀ ಅಂಗಡಿಯವರು ಬಸ್ ಡ್ರೈವರನ ಕೈಲಿ ಹೇಳಿ ಕಳಿಸಿದ್ದರು. ಆ ವಾರದಲ್ಲೇ ನನಗೆ ಗಂಡು ಹುಟ್ಟಿತು. ನನ್ನ ಮಗನ ಸುದ್ದಿ ಬೆಟ್ಟದ ಮೇಲೆಲ್ಲ ಹರಡಿ, ನೋಡುವವರ ಕಾಟಕ್ಕೆ ನಿದ್ದೆಯಿಲ್ಲ. ಆ ಹೆಣ್ಣುಕೂಸು ವಾರ ದಾಟಿತೋ ಇಲ್ಲವೋ, ಅದನ್ನು ಮಾತ್ರ ಹೇಳುವವರಿಲ್ಲ. ಬಂದವರನ್ನೆಲ್ಲ ಕೇಳಿದೆ. "ಕಾಡ್ನೋರ್ದು ನಮಗೆಂಗೊತ್ತಾಯ್ತದವ್ವ" ಎಂದರು. ಬಾಣಂತಿ ಅಳಬಾರದು ಎಂದು ಅಮ್ಮ ಬಯ್ದಳು. ಆದರೂ ಅತ್ತುಬಿಟ್ಟೆ.

ತಿಂಗಳು ಕಳೆದು ಒಂದೆರಡು ವಾರ ಆಗಿರಬೇಕು. ಮಧ್ಯಾಹ್ನ ಯಾರೋ ಬಾಗಿಲು ದೂಡಿಕೊಂಡು ಒಳಗೆ ಬಂದರು. ನೋಡಿದರೆ ಪೋಡಿನ ಆ ಹುಡುಗಿಯೇ! ಎದೆಗೆ ಬಟ್ಟೆಯಲ್ಲಿ ಕಟ್ಟಿದ ಕೂಸು. ಅತ್ತೆ, ಗಂಡ ಇಬ್ಬರೂ ಕಾಡಿಗೆ ಹೋಗಿದ್ದಾಗ ಒಬ್ಬಳೇ ಓಡಿ, ಟೀ ಅಂಗಡಿಯಲ್ಲಿ ನನ್ನ ತವರೂರು ಕೇಳಿಕೊಂಡು ದಿಂಬಂನಲ್ಲಿ ಬಸ್ಸು ಹತ್ತಿದ್ದಳು. ಕೂಸು ಬದುಕಿದೆಯಲ್ಲ ಎಂದು ನಾನು ಹಿಗ್ಗುವಷ್ಟರಲ್ಲಿ ಅವಳು ಬಿಕ್ಕಿದಳು.

"ನರ್ಸವ್ವ, ಬಾಯಿ ಎಳೀತಾ ಅದೆ. ಮೊದುಲ್ನೇವು ಎಲ್ಡೂ ಇಂಗೇ ಬಾಯಿ ಅಗುಲ್ಸಿ ಎಳ್ದೇ ಓದ್ವು."

ಆ ನಂಜು ಏರಿದರೆ ತುಟಿಗಳು ಎರಡು ಕಡೆಗೂ ಸೆಟೆದುಕೊಳ್ಳುವುದು ನಿಜ. ಇಷ್ಟು ದಿನದ ಮೇಲೆ ಬರುವ ರೋಗವಲ್ಲ ಅದು ಎಂದು ಓದಿದ್ದೆ, ಓದಿದ್ದೆಲ್ಲ ಆಗ ಎಲ್ಲಿ ನೆನಪಿಗೆ ಬರುತ್ತದೆ? ನನ್ನ ಮಗನನ್ನು ಪಕ್ಕಕ್ಕೆ ಸರಿಸಿ ಚಾಪೆಯ ಮೇಲೆ ಕೂಸನ್ನು ಬಿಚ್ಚಿದೆ. ಕೈಕಾಲು ಮೆತ್ತಗಿದ್ದವು. ತೊಳೆದ ಬೆರಳನ್ನು ಬಾಯಿಗಿಟ್ಟರೆ ಚಪ್ಪರಿಸಿ ಎಳೆದುಕೊಂಡಿತು. ದವಡೆ ಸಲೀಸಾಗಿ ಆಡುತ್ತಿತ್ತು.

"ಎಲ್ಲಿ, ಯಾವಾಗ ಎಳೀತದೆ?"

"ನಾನು ಬಗ್ಗಿ ಮಾತಾಡ್ಸುದ್ರೆ ಸಾಕು, ಎಳೀತದೆ."

"ಮಾತಾಡ್ಸು ನೋಡಣ."

ಅವಳು ಕಣ್ಣೀರು ಒರೆಸಿಕೊಂಡು ಬಗ್ಗಿದಳು. "ಕೂಸೇ," ಎಂದಳು. ಕೂಸು ಅವಳ ಮುಖವನ್ನು ಹುಡುಕಿ ಹಿಡಿದು, ಹಲ್ಲಿಲ್ಲದ ಬಾಯನ್ನು ಇಷ್ಟಗಲ ಮಾಡಿತು.

ನಾನು ಗೋಡೆಗೊರಗಿ ಕೂತುಬಿಟ್ಟೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯದು. ಮೂರು ಹೆತ್ತ ಈ ಹುಡುಗಿ ತನ್ನ ಒಂದು ಕೂಸೂ ನಗುವಷ್ಟು ದಿನ ಬದುಕಿದ್ದನ್ನು ಕಂಡವಳಲ್ಲ.

"ಅದು ರೋಗ ಅಲ್ಲ ಕಣೆ, ಹುಚ್ಚಿ. ಅದು ನಗು."

ಅವಳು ನನ್ನನ್ನು ನೋಡಿದಳು, ಕೂಸನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ನಗ್ವಾ? ನನ್ನ ನೋಡ್ಕಂಡಾ?"

"ಇನ್ಯಾರನ್ನ ನೋಡ್ಕೊಂಡು ನಗ್ತದೆ?" ಎಂದು ಗದರಿದೆ. "ನೀನಲ್ವಾ ಅದರವ್ವ!"