ಸರಾಸರಿಯೂ ಟಪ್ಪಾಲು ಬಸ್ಸೂ

ನನ್ನ ಕೈಯ ಸಾರಿನ ಬಗ್ಗೆ ನಮ್ಮ ಯಜಮಾನರು ಒಂದು ತೀರ್ಪು ಕೊಟ್ಟಿದ್ದಾರೆ. ಹಾಸನದ ಕೋರ್ಟಿನಲ್ಲಿ ಗುಮಾಸ್ತರಾದವರು ತೀರ್ಪು ಕೊಡುವ ಆಸೆಯನ್ನು ಮನೆಯಲ್ಲಲ್ಲದೆ ಇನ್ನೆಲ್ಲಿ ತೀರಿಸಿಕೊಳ್ಳಬೇಕು? "ಸೋಮವಾರ ಸಪ್ಪೆ, ಮಂಗಳವಾರ ಸಮುದ್ರ. ವಾರದ ಲೆಕ್ಕ ಹಿಡಿದರೆ ನಿನ್ನ ಉಪ್ಪು ಹದವಾಗೇ ಇದೆ ಕಣೇ" ಎಂದರು. ಹದವಾದ ಸಾರನ್ನು ಅವರು ಒಂದು ದಿನವೂ ಉಂಡಿಲ್ಲವೆಂಬ ದೂರು ಆ ಹೊಗಳಿಕೆಯೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದುದು ನನಗೆ ಹೊಳೆದದ್ದು ಪಾತ್ರೆ ತೊಳೆಯುವಾಗ.

ಕಾನ್ವೆಂಟಿನಲ್ಲಿ ನಮಗೆ ಸರಾಸರಿ ಕಲಿಸಿದ ಸಿಸ್ಟರು, ಕೂಡು, ಭಾಗಿಸು, ಗೆರೆ ಎಳೆ ಎಂದಷ್ಟೇ ಹೇಳಿದ್ದರು. ನಮ್ಮ ಲಂಗಗಳ ಅಂಚೂ ಜಡೆಗಳ ಉದ್ದವೂ ಒಂದೇ ಸಮನಾಗಿರಬೇಕೆಂದು ಬಯಸಿದ ಆ ಸಾಧ್ವಿಗೆ ಏರುಪೇರು ಎಂಬುದು ಗಣಿತದ ವಿಷಯವಲ್ಲ, ಪಾಪದ ವಿಷಯ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ.

ಆ ನಂಬಿಕೆ ಅಲುಗಿದ್ದು ಯುದ್ಧದ ದಿನಗಳಲ್ಲಿ. ಪೆಟ್ರೋಲು ಸಿಕ್ಕದೆ ಬಸ್ಸುಗಳೆಲ್ಲ ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಉಪಚಾರದ ಮಾತು. ದಿಣ್ಣೆ ಬಂದರೆ ಪ್ರಯಾಣಿಕರೇ ಇಳಿದು ನೂಕುತ್ತಿದ್ದರು. ನನ್ನ ನಾದಿನಿಯ ಮಗಳು ಶಾರದೆ ನಮ್ಮಲ್ಲಿದ್ದುಕೊಂಡು ಹೈಸ್ಕೂಲಿನ ಕಡೆಯ ತರಗತಿ ಓದುತ್ತಿದ್ದಳು. ಅವಳೂ ಅವಳ ಸಹಪಾಠಿ, ಬಸ್ ಏಜೆಂಟರ ಮಗಳು ಪುಟ್ಟಗೌರಿಯೂ ಮಧ್ಯಾಹ್ನ ನನ್ನಲ್ಲಿ ಲೆಕ್ಕ ಹೇಳಿಸಿಕೊಳ್ಳುತ್ತಿದ್ದರು. ಸರಾಸರಿ ತಲೆಗೆ ಹತ್ತಲೆಂದು, ನಮ್ಮ ಜಗಲಿಯಿಂದ ಕಾಣುವ ಬಸ್‌ಸ್ಟ್ಯಾಂಡಿಗೆ ಚನ್ನರಾಯಪಟ್ಟಣದ ಬೆಳಗಿನ ಬಸ್ಸುಗಳೆರಡೂ ಬರುವ ವೇಳೆಯನ್ನು ದಿನವೂ ಬರೆದಿಡಲು ಹೇಳಿದೆ.

ವಾರ ಕಳೆದು ನೋಡಿದರೆ ಮೊದಲ ಬಸ್ಸು ಪ್ರತಿದಿನವೂ ಎಂಟೂವರೆಗೇ ಬಂದಿತ್ತು! ಗಾಡಿ ಕೆಟ್ಟು ಊರೆಲ್ಲ ಆಡಿಕೊಂಡ ಗುರುವಾರವೂ ಎಂಟೂವರೆ.

"ಇದನ್ನ ನೋಡಿ ಬರೆದಿರೇನ್ರೇ?"

"ಇಲ್ಲ ಅಮ್ಮಾವ್ರೇ, ಅಪ್ಪಾಜೀನೇ ಎಂಟೂವರೆ ಅಂದ್ಮೇಲೆ ನಾವು ಇನ್ನೊಂದು ಬರದ್ರೆ ದೊಡ್ಡೋರ ಮಾತು ತೆಗೆದಂಗಾಗಕಿಲ್ವಾ?" ಎಂದಳು ಪುಟ್ಟಗೌರಿ.

ಹಿರಿಯರ ಮೇಲಿನ ಭಕ್ತಿ ಒಂದು ಇಡೀ ವಾರದ ಏರುಪೇರನ್ನು ಇಸ್ತ್ರಿ ಹಾಕಿ ಮಡಿಸಿಟ್ಟಿತ್ತು. ನಗು ಬಂದರೂ, ಸಿಸ್ಟರ ಮುಂದೆ ನಾನೂ ಹೀಗೆಯೇ ಬರೆಯುತ್ತಿದ್ದೆನೇನೋ ಎನ್ನಿಸಿ, "ಕಣ್ಣಿಗೆ ಕಂಡದ್ದು ಬರೀರಿ, ಏಜೆಂಟರಿಗೆ ನಾನು ಹೇಳ್ತೀನಿ" ಎಂದೆ.

ಈ ಸಲ ಅಂಕಿಗಳಿಗೆ ಜೀವ ಬಂತು. ಮೊದಲ ಬಸ್ಸು ಒಂದು ದಿನ ಎಂಟಕ್ಕೇ ಹಾಜರು, ಮರುದಿನ ಮೊಸರಿನ ಗಡಿಗೆಯವರಿಗೂ ಶ್ಯಾನುಭೋಗರ ಸ್ನಾನಕ್ಕೂ ಕಾದು ಕಾದು ಹನ್ನೊಂದಕ್ಕೆ. ವಾರದ ಸರಾಸರಿ ಮಾತ್ರ ಒಂಬತ್ತು. ಎರಡನೆಯದು ಟಪ್ಪಾಲು ಬಸ್ಸು, ಅಂಚೆ ಚೀಲ ಹೊತ್ತ ತಪ್ಪಿಗೆ ಎಲ್ಲೂ ಹರಟುವಂತಿಲ್ಲ. ಹತ್ತು ಗಂಟೆಗೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ, ಅಷ್ಟೆ.

ಅಷ್ಟರಲ್ಲಿ ಶಾರದೆಗೆ ತಂದೆಯ ಕಡೆಯ ಅಜ್ಜಿಯ ವರ್ಷಾಬ್ದಿಕಕ್ಕೆ ಚನ್ನರಾಯಪಟ್ಟಣಕ್ಕೆ ಹೋಗಬೇಕಾಯಿತು. ಹೋಗಿ, ಪಬ್ಲಿಕ್ ಪರೀಕ್ಷೆಯ ದಿನವೇ ಬೆಳಿಗ್ಗೆ ಮರಳಬೇಕು. ಪರೀಕ್ಷೆ ಹತ್ತೂವರೆಗೆ. "ಈ ಸಲ ತಪ್ಪಿದರೆ ಓದಿದ್ದು ಸಾಕು, ವರ ನೋಡ್ತೀನಿ" ಎಂದು ಅವಳ ತಂದೆ ಮೊದಲೇ ಹೇಳಿಯಾಗಿತ್ತು. ಮೊದಲ ಬಸ್ಸಿಗೇ ಬಾ ಎಂದೆ ನಾನು.

"ಸರಾಸರೀಲಿ ಅದು ಬೇಗ ಬರತ್ತೆ, ನಿಜ ಅತ್ತೆ. ಆದ್ರೆ ನಾನು ಪರೀಕ್ಷೆಗೆ ಸರಾಸರೀಲಿ ಹೋಗಕ್ಕಾಗತ್ತಾ? ಒಂದೇ ದಿನ ತಾನೇ ಹೋಗೋದು? ಟಪ್ಪಾಲಿಗೇ ಬರ್ತೀನಿ."

ನಾನು ಕಲಿಸಿದ್ದನ್ನು ನನಗೇ ತಿರುಗಿಸಿ ಹೇಳಿ ಹೊರಟುಹೋದಳು. ಹುಡುಗಿಯ ಜಾಣತನಕ್ಕೆ ಹಿಗ್ಗಿದ್ದು ಎರಡು ದಿನ. ಮೂರನೆಯ ಬೆಳಿಗ್ಗೆ, ಪರೀಕ್ಷೆಯ ದಿನ, ಎಂಟಕ್ಕೇ ಮೊದಲ ಬಸ್ಸು, ಜನ್ಮದಲ್ಲಿ ತಡ ಮಾಡಿದ್ದೇ ಇಲ್ಲವೆಂಬ ಮುಖ ಹೊತ್ತು ಬಂದು ನಿಂತಾಗ ಹಿಗ್ಗೆಲ್ಲ ಇಳಿದುಹೋಯಿತು. ಅದರಿಂದ ಇಳಿದವರಲ್ಲಿ ಶಾರದೆ ಇರಲಿಲ್ಲ.

ಅಲ್ಲಿಂದ ನನ್ನ ಪಾಡು ಕೇಳಬೇಡಿ. ಒಲೆಯ ಮೇಲೆ ಬೇಳೆ ಇಟ್ಟು ಜಗಲಿಗೆ ಬಂದೆ. ಬೇಳೆ ಸೀದ ವಾಸನೆಗೆ ಒಳಗೆ ಹೋದೆ. ಸೌಟು ಹಿಡಿದೇ ಮತ್ತೆ ಜಗಲಿಗೆ ಬಂದೆ. ಟಪ್ಪಾಲು ಬಸ್ಸು ವೇಳೆ ತಪ್ಪುವುದಿಲ್ಲವೆಂದು ಲೆಕ್ಕ ಹೇಳುತ್ತಿತ್ತು. ಲೆಕ್ಕ ಇರುವುದು ತಲೆಯಲ್ಲಿ, ಜಗಲಿಗೂ ಒಲೆಗೂ ಓಡುವುದು ಕಾಲು, ಎರಡಕ್ಕೂ ಮಾತುಕತೆಯೇ ಇರಲಿಲ್ಲ. ಎಷ್ಟೋ ದಿನಗಳ ಬಸ್ಸುಗಳು ಒಟ್ಟಾಗಿ ಸತ್ಯ ಹೇಳಿಯಾವು, ಆದರೆ ಕಾಯುವವಳಿಗೆ ಬರಬೇಕಾದದ್ದು ಒಂದೇ ಬಸ್ಸು. ಪುಟ್ಟಗೌರಿ ಶಾರದೆಯ ಲೇಖನಿ, ಮಸಿಕುಡಿಕೆ ಎಲ್ಲ ಹಿಡಿದು ಬೀದಿಯಲ್ಲೇ ನಿಂತಿದ್ದಳು.

ಕೊನೆಗೆ ತಿರುವಿನಲ್ಲಿ ಹೊಗೆ ಕಂಡಿತು. ಬಸ್ಸು ನಿಲ್ಲುವ ಮೊದಲೇ ಶಾರದೆ ಇಳಿದಳು, ಮೂಗಿನ ತುಂಬ ಇದ್ದಿಲ ಮಸಿ. "ಅತ್ತೆ, ಮೊದಲನೇ ಬಸ್ಸು ಬೇಗ ಬಂತಂತಲ್ಲ, ದಾರೀಲಿ ಹೇಳಿದ್ರು!" ಎಂದಳು.

"ಬಂತು ಕಣೇ, ಹೊಟ್ಟೆ ಉರಿಸಕ್ಕೆ! ಓಡು ನೀನು!"

ಪರೀಕ್ಷೆಯ ಮೊದಲ ಗಂಟೆ ಇನ್ನೂ ಬಾರಿಸಿರಲಿಲ್ಲ. ಹುಡುಗಿಯರಿಬ್ಬರೂ ಸೆರಗು ಬಿಗಿದು ಓಡಿದರು. ಸಂಜೆ ಗೆದ್ದ ಮುಖ ಹೊತ್ತು ಬಂದ ಪುಟ್ಟಗೌರಿ ಬಸ್ಸಿನ ಲೆಕ್ಕದ ಪುಸ್ತಕ ಹಿಡಿದು ಕೇಳಿದಳು: "ಅಮ್ಮಾವ್ರೇ, ಇವತ್ತು ಟಪ್ಪಾಲು ಎಷ್ಟೊತ್ತಿಗೆ ಬಂತು ಅಂತ ಬರೀಲಿ?"

ನಾನು ಶಾರದೆಯ ಮುಖ ನೋಡಿದೆ, ಶಾರದೆ ನನ್ನ ಮುಖ. ಗಡಿಯಾರವನ್ನು ಯಾರೂ ನೋಡಿರಲಿಲ್ಲ.

"ಅಪ್ಪಾಜೀನ ಕೇಳ್ಕಂಡ್ ಬರ್ಲಾ?"

"ಬೇಡಮ್ಮ," ಎಂದೆ. "ಇವತ್ತಿನದು ಖಾಲಿ ಬಿಡು."