ಹೂದಾನಿಯಿಂದ ದೂರ

ವರ್ಜೀನಿಯಾಕ್ಕೆ ಬಂದ ಮೇಲೆ ರೇಣುಕಾದೇವಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಮೈಸೂರಿನಲ್ಲಿ ಹಗಲು ಶಾಲೆಯ ಪಾಠ, ಸಂಜೆ ಹವ್ಯಾಸಿ ನಾಟಕ. ಇಲ್ಲಿ ಗಂಡ ಯಶವಂತನ ವೀಸಾದ ಬಾಲ ಹಿಡಿದು ಬಂದವಳು, ಕೆಲಸ ಮಾಡುವಂತಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಕಿಟಕಿಯಿಂದ ಒಲೆಗೆ, ಒಲೆಯಿಂದ ಕಿಟಕಿಗೆ ನಡೆಯುತ್ತಿದ್ದಳು. ನಮ್ಮವರು ಇದನ್ನು ಸೆಟಲ್ ಆಗುವುದು ಅನ್ನುತ್ತಾರೆ.

ಲೈಬ್ರರಿಯಲ್ಲಿ ಅವಳಿಗೆ ಹಳೆಯ ಹಾಲಿವುಡ್ ಚಿತ್ರದ ಕ್ಯಾಸೆಟ್ ಒಂದು ಸಿಕ್ಕಿತು. ಸಿನಿಮಾ ಆಗತಾನೇ ಮಾತು ಕಲಿತ ಕಾಲದ್ದು, ರಂಗನಾಟಕವನ್ನೇ ತೆರೆಗೆ ಎತ್ತಿಟ್ಟದ್ದು. ಮೈಕನ್ನು ಹೂದಾನಿಯಲ್ಲಿ ಬಚ್ಚಿಟ್ಟಿದ್ದರೋ ಏನೋ, ಮಾತು ಬಂದಾಗಲೆಲ್ಲ ಪಾತ್ರಗಳು ಹೂದಾನಿಯ ಸುತ್ತ ಗುಂಪುಗೂಡುತ್ತಿದ್ದವು. ಕಥೆ ಹೊಲಿಗೆ ಕಾರ್ಖಾನೆಯೊಂದರದು. ಬೆಂಕಿ ಬಿದ್ದು ಒಳಗಿನ ಹೆಣ್ಣುಮಕ್ಕಳು ಸಾಯುತ್ತಾರೆ. ಬಾಗಿಲಿಗೆ ಹೊರಗಿನಿಂದ ಬೀಗ. ಬೀಗದ ಕೈ ಗಂಡನ ಜೇಬಿನಲ್ಲಿತ್ತು ಎಂದು ಮಾಲೀಕನ ಹೆಂಡತಿಯೇ ಕೊನೆಗೆ ಕೋರ್ಟಿನಲ್ಲಿ ಹೇಳುತ್ತಾಳೆ.

ರೇಣುಕಾ ಅದನ್ನು ಕನ್ನಡಕ್ಕೆ ತಂದಳು. ಕನ್ನಡ ಕೂಟದ ಯುಗಾದಿಗೆ ಆಡುವುದೆಂದಾಯಿತು.

ಕೂಟದ ಅಧ್ಯಕ್ಷ ಕೇಶವಮೂರ್ತಿಯವರಿಗೆ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಕಂಪನಿಯಿತ್ತು. ಬೆಂಗಳೂರಿನಿಂದ ಕರೆಸಿಕೊಂಡ ಹುಡುಗರಿಗೆ ಏರ್‌ಪೋರ್ಟಿನಲ್ಲೇ ಪುಳಿಯೋಗರೆ ಡಬ್ಬಿ ಕೊಟ್ಟು, ಕಳೆದುಹೋದೀತು ಎಂದು ಪಾಸ್‌ಪೋರ್ಟ್ ಇಸಿದುಕೊಳ್ಳುತ್ತಿದ್ದರು. ಹುಡುಗರು ಅದನ್ನು ಅಕ್ಕರೆ ಅಂದುಕೊಂಡು ಕಾಲಿಗೆ ನಮಸ್ಕರಿಸುತ್ತಿದ್ದರು. ಮನೆಗೆ ಕರೆದು ಊಟ ಹಾಕಿದವರ ಹತ್ತಿರ ನನ್ನದು ಕೊಡಿ ಅನ್ನುವುದು ಹೇಗೆ? ಆ ಸಂಕೋಚವೇ ಅವರ ಬಂಡವಾಳ. ಅವರ ಕಂಪನಿಯಲ್ಲೇ ಕೆಲಸಕ್ಕಿದ್ದ ಯಶವಂತನ ಪಾಸ್‌ಪೋರ್ಟೂ ಅವರ ಡ್ರಾಯರಿನಲ್ಲೇ ಇತ್ತು.

ರಿಹರ್ಸಲ್ ನೋಡಿದ ಕೇಶವಮೂರ್ತಿ ನಕ್ಕರು. "ಫ್ಯಾಮಿಲಿ ಆಡಿಯನ್ಸ್ ಅಮ್ಮಾ. ಕೀ ವಾಚ್‌ಮನ್ ಹತ್ರ ಇತ್ತು ಅಂತ ಚೇಂಜ್ ಮಾಡ್ಬಿಡು. ಹಬ್ಬದ ದಿನ ಓನರ್‌ನ ಯಾಕೆ ಬೈಯೋದು?"

ಮನೆಯಲ್ಲಿ ಯಶವಂತ ಬೇಡಿಕೊಂಡ. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಬೇಕಾದವರು ಅವರು, ಮುನಿಸಿಕೊಂಡರೆ ಗಂಟುಮೂಟೆ ಕಟ್ಟಬೇಕಾದೀತು. ನೋಡೋಣ ಅಂದಳು. ಆ ವಾರವೆಲ್ಲ ಕುಕ್ಕರ್ ಕೂಗಿದರೂ ಬೆಚ್ಚುತ್ತಿದ್ದಳು.

ಯುಗಾದಿ ಕಾರ್ಯಕ್ರಮ ಶಾಲೆಯೊಂದರ ಆಡಿಟೋರಿಯಂನಲ್ಲಿ, ಮಧ್ಯಾಹ್ನ. ಕೂಟದ ಹತ್ತಿರ ಇದ್ದದ್ದೂ ಒಂದೇ ಮೈಕು. ಅದನ್ನು ಪ್ಲಾಸ್ಟಿಕ್ ಹೂದಾನಿಯ ಹಿಂದೆ ಇಟ್ಟಿದ್ದರು, ಎಲ್ಲರೂ ಅದಕ್ಕೇ ಅಂಟಿಕೊಂಡು ಮಾತಾಡಿದರು. ಕೊನೆಯ ಮಾತಿಗೆ, ಮಾಲೀಕನ ಹೆಂಡತಿಯ ಪಾತ್ರದಲ್ಲಿದ್ದ ರೇಣುಕಾ ಹೂದಾನಿ ಬಿಟ್ಟು ರಂಗದ ಅಂಚಿಗೆ ಬಂದಳು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು. ಕೊನೆಯ ಸಾಲಿನಲ್ಲಿ ಅವರು ಕರೆಸಿದ ಹುಡುಗರು.

"ಬೀಗದ ಕೈ ವಾಚ್‌ಮನ್ ಹತ್ತಿರ ಇರಲಿಲ್ಲ. ನನ್ನ ಗಂಡನ ಜೇಬಿನಲ್ಲಿತ್ತು."

ಕೊನೆಯ ಸಾಲಿಗೂ ಕೇಳಿಸಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಕೇಶವಮೂರ್ತಿಯವರೇ. ಎದ್ದು ನಿಂತು ಎಲ್ಲರನ್ನೂ ಊಟಕ್ಕೆ ಕರೆದರು.

ಪಾರ್ಕಿಂಗ್ ಲಾಟಿನಲ್ಲಿ ಯಶವಂತ ಸ್ಟಿಯರಿಂಗ್ ಹಿಡಿದು ಕೂತಿದ್ದ. "ನನ್ನ ಪಾಸ್‌ಪೋರ್ಟ್ ಅವರ ಹತ್ರ ಇರೋದು ಮರೆತುಹೋಯ್ತಾ ರೇಣು?"

"ನೆನಪಿತ್ತು ರೀ. ಅದಕ್ಕೇ ಹೇಳಿದ್ದು."

ಅವನು ಕಾರು ಸ್ಟಾರ್ಟ್ ಮಾಡಲಿಲ್ಲ. ಇಳಿದು, ಬಾಗಿಲು ಹಾಕುವುದನ್ನೂ ಮರೆತು ಹಾಲ್ ಕಡೆಗೆ ನಡೆದ. ಅಲ್ಲಿ ಕೇಶವಮೂರ್ತಿ ಸೌಟು ಹಿಡಿದು ಹುಡುಗರಿಗೆ ಬಿಸಿಬೇಳೆಬಾತ್ ಬಡಿಸುತ್ತಿದ್ದರು. ಯಶವಂತ ತಟ್ಟೆ ತೆಗೆದುಕೊಳ್ಳದೆ, ನನ್ನದು ಕೊಡಿ ಅನ್ನಲು ಸಾಲಿನಲ್ಲಿ ನಿಂತ.